ಕಾಲೆತ್ತದ ಕುದುರೆ

“ಹನ್ನೊಂದು ಫೋಟೋ ತೆಗೆದಿದೀರ. ಹನ್ನೊಂದರಲ್ಲೂ ಕುದುರೆ ಮೂರೇ ಕಾಲಲ್ಲಿ ನಿಂತಿದೆ. ಕಣ್ಣು ಕಾಣಲ್ವಾ ಭಾವ ನಿಮಗೆ?”

“ಕಾಣತ್ತೆ. ಇಲ್ಲಿನ ಕುದುರೆಗಳಿಗೆ ನೆಟ್ಟಗೆ ನಿಲ್ಲೋಕೆ ಬರಲ್ಲ ಅಂದ್ರೆ ನಾನೇನು ಕಾಲಿಗೆ ಅಂಟು ಹಚ್ಚಿ ನಿಲ್ಲಿಸ್ಲಾ?”

“ಉಳಿದ ಐದು ಜನಕ್ಕೂ ನಿಂತಿವೆ.”

“ಹಾಗಾದ್ರೆ ಅವರ ಹತ್ರ ಏನೋ ಇಸ್ಕೊಂಡು ನಿಂತಿರಬೇಕು. ನೋಡು, ನಿನ್ನ ಚಡ್ಡಿ ಗುಂಡಿ ಹಾಕಿ ಸ್ಕೂಲಿಗೆ ಕಳಿಸಿದವನು ನಾನು. ಕ್ಯಾಮೆರಾ ಹೇಳ್ಕೊಡು, ಕೈಮುಗಿದು ಕಲೀತೀನಿ. ಕುದುರೆ ಹೇಳ್ಕೊಡೋಕೆ ಮಾತ್ರ ಬರಬೇಡ.”

ಲಾಯಕ್ಕೆ ಅಂಟಿಕೊಂಡ, ಜೀನುಗಳನ್ನು ಸಾಲಾಗಿ ತೂಗುಹಾಕಿದ ಉದ್ದನೆಯ ಕೋಣೆಯಲ್ಲಿ ಈ ಜಗಳ ನಡೆಯುತ್ತಿತ್ತು. ಕುದುರೆ ಫೋಟೋ ತೆಗೆಯುವುದನ್ನು ಕಲಿಸುವ ಮೂರು ದಿನದ ಶಿಬಿರದಲ್ಲಿ ಅದು ಮೊದಲನೆಯ ದಿನದ ಸಂಜೆ. ಗೋಡೆಗೆ ಬಿಳಿ ಪರದೆ ಕಟ್ಟಿ, ಅಂದು ತೆಗೆದ ಫೋಟೋಗಳನ್ನು ಒಂದೊಂದಾಗಿ ಬಿಡುತ್ತಿದ್ದರು. ಬಯ್ಯುತ್ತಿದ್ದವನು ಶಿಬಿರದ ಮೇಷ್ಟ್ರು. ಬಯ್ಸಿಕೊಂಡು ತಿರುಗಿ ಬಯ್ಯುತ್ತಿದ್ದವನು ಅವನ ಅಕ್ಕನ ಗಂಡ. ಭಾವನಿಗೆ ಐವತ್ತೆರಡು, ಭಾಮೈದನಿಗೆ ಮೂವತ್ತಾರು. ಭಾವ ಇಪ್ಪತ್ತೆಂಟು ವರ್ಷದಿಂದ ಕುದುರೆಗಳ ಕಾಲಿಗೆ ಲಾಳ ಹೊಡೆದು ಬದುಕಿದವನು. ಲಾಳದಣ್ಣ ಎಂದರೆ ಮಾತ್ರ ತಿರುಗಿ ನೋಡುವಷ್ಟರ ಮಟ್ಟಿಗೆ ಆ ಕೆಲಸವೇ ಅವನಿಗೆ ಹೆಸರಾಗಿಬಿಟ್ಟಿತ್ತು.

ಪರದೆಯ ಮೇಲಿನ ಹನ್ನೊಂದು ಫೋಟೋಗಳಲ್ಲಿ ಹನ್ನೊಂದು ಕುದುರೆಗಳು ಒಂದೊಂದು ಮುಂಗಾಲನ್ನು ಮಡಿಸಿಕೊಂಡು, ಚಪ್ಪಲಿಗೆ ಮುಳ್ಳು ಚುಚ್ಚಿದೆಯೋ ಏನೋ ಎಂದು ನೋಡಿಕೊಳ್ಳುವ ದಾರಿಹೋಕರ ಹಾಗೆ ನಿಂತಿದ್ದವು. ಕಲಿಯಲು ಬಂದಿದ್ದ ಹಲ್ಲಿನ ಡಾಕ್ಟರಮ್ಮ ನಗು ತಡೆಯಲಾರದೆ ಕೆಮ್ಮಿದಳು. ಕೇಕ್ ಅಂಗಡಿಯವನಿಗೆ ಅಷ್ಟೂ ಸಂಯಮವಿರಲಿಲ್ಲ. ತೊಡೆ ತಟ್ಟಿಕೊಂಡು ನಕ್ಕ. ಲಾಳದಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಾಗಿಲು ದಡಾರನೆ ಹಾಕಿಕೊಂಡು ಹೋಗುವ ಆಸೆಯೂ ಆಯಿತು. ಆದರೆ ಹೋಗುವಂತಿರಲಿಲ್ಲ. ಅವನು ಇಲ್ಲಿಗೆ ಬಂದದ್ದು ಚಂದದ ಫೋಟೋ ತೆಗೆದು ಗೋಡೆಗೆ ನೇತುಹಾಕಲು ಅಲ್ಲ.

ವಿಷಯ ಹೀಗಿತ್ತು. ಈ ಸವಾರಿ ಶಾಲೆಯಲ್ಲಿ ಮೂವತ್ತು ಕುದುರೆಗಳು. ಮೂವತ್ತಕ್ಕೂ ಲಾಳ ಹೊಡೆಯುವವನು ಲಾಳದಣ್ಣನೇ. ಅವುಗಳಲ್ಲಿ ಬೂದಿ ಎಂಬ ಬೂದು ಬಣ್ಣದ ಹೆಣ್ಣು ಕುದುರೆಗೆ ಅವನು ಹೊಸ ಲಾಳ ಹೊಡೆದು ಹೋದ ಎಂಟನೆಯ ದಿನಕ್ಕೆ ಅದು ಕುಂಟತೊಡಗಿತು. ಮ್ಯಾನೇಜರು ಫೋನು ಮಾಡಿ, ನಿಮ್ಮ ಮೊಳೆ ಎಡ ಮುಂಗಾಲಿನ ಜೀವಕ್ಕೆ ತಾಗಿದೆ, ಇನ್ನು ನನ್ನ ಕುದುರೆಗಳನ್ನು ಮುಟ್ಟಬೇಡಿ, ಶಿಬಿರ ಮುಗಿದ ದಿನ ನಿಮ್ಮ ಸಾಮಾನು ಎತ್ತಿಕೊಂಡು ಹೋಗಿ ಎಂದುಬಿಟ್ಟರು. ಆ ಎಡಗಾಲಿನ ಲಾಳವನ್ನೂ ಬೇರೆ ಯಾರನ್ನೋ ಕರೆಸಿ ಕೀಳಿಸಿ, ಕೀವು ಹೊರಬರಲೆಂದು ಕಾಲನ್ನು ದಿನಾ ಬಿಸಿನೀರಲ್ಲಿ ನೆನೆಸುತ್ತಿದ್ದರು.

ಮೊಳೆ ಗೊರಸಿನ ಹೊರಪದರದಲ್ಲಿ ಹೋದರೆ ಕುದುರೆಗೆ ಉಗುರು ಕತ್ತರಿಸಿದಷ್ಟೂ ಗೊತ್ತಾಗುವುದಿಲ್ಲ. ಒಂದು ನೂಲಿನಷ್ಟು ಒಳಕ್ಕೆ, ಜೀವವಿರುವ ಭಾಗಕ್ಕೆ ವಾಲಿದರೂ ಮುಗಿಯಿತು, ಕಾಲು ಊರುವುದಿಲ್ಲ. ಆ ನೂಲಿನ ಲೆಕ್ಕವೇ ಲಾಳದವನ ಮರ್ಯಾದೆ. ಇಪ್ಪತ್ತೆಂಟು ವರ್ಷದಲ್ಲಿ ಅವನ ಮೊಳೆ ಎರಡು ಸಲ ವಾಲಿತ್ತು. ಎರಡು ಸಲವೂ ತಾನೇ ಮಾಲೀಕರ ಮನೆ ಬಾಗಿಲಿಗೆ ಹೋಗಿ ಹೇಳಿ ಬಂದಿದ್ದ. ಈಗ ಮಾಡದ ತಪ್ಪನ್ನು ಫೋನಿನಲ್ಲಿ ಹೊರಿಸಿದರೆ ಮೈ ಉರಿಯದೆ ಇರುತ್ತದೆಯೇ? ಆದರೆ ಉರಿದು ಮಾಡುವುದೇನು? ಲಾಳ ಹೊಡೆಯುವ ಮೊದಲು ಗೊರಸು ಹೇಗಿತ್ತು, ಹೊಡೆದ ಮೇಲೆ ಹೇಗಿತ್ತು ಎನ್ನುವುದಕ್ಕೆ ಅವನ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಈ ಸುದ್ದಿ ಉಳಿದ ಲಾಯಗಳಿಗೆ ಮುಟ್ಟಲು ಒಂದು ತಿಂಗಳು ಬೇಡ.

ಹೆಂಡತಿಯೇ ದಾರಿ ತೋರಿಸಿದಳು. “ನನ್ನ ತಮ್ಮ ಊರವರಿಗೆಲ್ಲ ಕುದುರೆ ಫೋಟೋ ಕಲಿಸ್ತಾನೆ. ನೀವೂ ಹೋಗಿ ಕಲೀರಿ. ಇನ್ಮೇಲೆ ಫೋಟೋ ತೆಗೆದೇ ಸುತ್ತಿಗೆ ಎತ್ತಿ,” ಎಂದಳು. ಮ್ಯಾನೇಜರಿಗೂ ಬೇಡ ಎನ್ನಲು ನೆವ ಸಿಗಲಿಲ್ಲ. ಒಂದೇ ಷರತ್ತು ಹಾಕಿದರು: ಕೈಯಲ್ಲಿ ಕ್ಯಾಮೆರಾ ಇರಬಹುದು, ಕುದುರೆಯ ಮೈಮೇಲೆ ಕೈ ಬೀಳಕೂಡದು.

ಹೀಗೆ ಬಂದವನ ಮೊದಲ ದಿನವೇ ಮೂರು ಕಾಲಿನ ಪುರಾಣವಾಯಿತು.

ಮರುದಿನ ಬೆಳಿಗ್ಗೆ ಅದರ ಗುಟ್ಟು ಬಿಡಿಸಿದವಳು ಲಾಯದಮ್ಮ. ಕುದುರೆಗಳಿಗೆ ಹುಲ್ಲುನೀರು ನೋಡುವ, ಅರವತ್ತರ ಗಟ್ಟಿ ಹೆಂಗಸು. ಲಾಳದಣ್ಣ ಕಂದು ಬಣ್ಣದ ಗಂಡು ಕುದುರೆಯ ಹೆಗಲ ಪಕ್ಕಕ್ಕೆ ಹೋಗಿ, ಕ್ಯಾಮೆರಾ ಕಣ್ಣಿಗಿಟ್ಟು, ಸೊಂಟ ಬಗ್ಗಿಸಿದ. ಕುದುರೆ ಆಕಳಿಸಿ, ವಿಧೇಯ ವಿದ್ಯಾರ್ಥಿಯ ಹಾಗೆ ಮುಂಗಾಲನ್ನು ಎತ್ತಿ ಅವನ ಮೊಣಕಾಲಿನ ಮೇಲೆ ಇಡಲು ಬಂತು.

ಲಾಯದಮ್ಮ ಬಕೆಟ್ಟು ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಕ್ಕಳು. “ಲಾಳದಣ್ಣಾ, ನಿನಗಿನ್ನೂ ತಿಳೀಲಿಲ್ವಾ? ನೀನು ಹೆಗಲ ಹತ್ರ ಬಂದು ಬಗ್ಗಿದ್ರೆ ಅವು ಕಾಲು ಕೊಡದೆ ಮುತ್ತು ಕೊಡ್ತವಾ? ಇಷ್ಟು ವರ್ಷ ನೀನೇ ತಾನೆ ಕಲಿಸಿದ್ದು.”

ಲಾಳದಣ್ಣ ಬಗ್ಗಿದಲ್ಲೇ ನಿಂತ. ಮೂವತ್ತು ಕುದುರೆಗಳ ಒಂದೊಂದು ಗೊರಸಿನ ಬಿರುಕೂ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ಆದರೆ ನಾಲ್ಕು ಕಾಲಲ್ಲಿ ಸುಮ್ಮನೆ ನಿಂತ ಕುದುರೆಯನ್ನು ದೂರದಿಂದ ನಿಂತು ನೋಡಿದ್ದೇ ಇಲ್ಲವಲ್ಲ ಎನ್ನುವುದು ಆಗ ಹೊಳೆಯಿತು. ಕೆಲಸಕ್ಕೆ ಬಂದರೆ ಬೆನ್ನು ಕುದುರೆಯ ಮುಖದ ಕಡೆಗೆ, ಕಣ್ಣು ಗೊರಸಿನ ಕಡೆಗೆ. ಕೆಲಸ ಮುಗಿದರೆ ಕೈತೊಳೆದು ಮನೆಗೆ. ಅವನಿಗೂ ನಗು ಬಂತು. ನಕ್ಕು, ಕ್ಯಾಮೆರಾ ಹಿಡಿದು ನೇರವಾಗಿ ಭಾಮೈದನ ಹತ್ತಿರ ಹೋಗಿ, ನಿನ್ನೆ ಬಾಯಿ ಮಾಡಿದ್ದು ತಪ್ಪಾಯಿತು, ದೂರ ನಿಂತು ತೆಗೆಯುವುದು ಹೇಗೆಂದು ತೋರಿಸು ಎಂದ. ಭಾವನ ಬಾಯಿಂದ ತಪ್ಪಾಯಿತು ಎಂಬ ಮಾತು ಕೇಳಿ ಭಾಮೈದ, ಅಕ್ಕನಿಗೆ ಫೋನು ಮಾಡಿ ಹೇಳುತ್ತೇನೆ, ಅವಳು ನಂಬುವುದಿಲ್ಲ ಎಂದು ರೇಗಿಸಿದ.

ಒಂದು ಮಾತು ಒಪ್ಪಲೇಬೇಕು: ಭಾಮೈದ ಒಳ್ಳೆಯ ಮೇಷ್ಟ್ರು. ಲಾಳದಣ್ಣನನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಕಳಿಸಿದ. ಉದ್ದನೆಯ ಲೆನ್ಸು ಹಾಕಿಕೊಟ್ಟ. ಹತ್ತಿರ ನಿಂತು ತೆಗೆದರೆ ತಲೆ ಪೆಟ್ಟಿಗೆಯಷ್ಟಾಗಿ ಕಾಲುಗಳು ಕಡ್ಡಿಯಾಗುತ್ತವೆ, ದೂರ ನಿಂತರೆ ಕುದುರೆ ಕುದುರೆಯ ಅಳತೆಗೆ ಬರುತ್ತದೆ ಎಂದ. ನಿಂತು ತೆಗೆಯಬೇಡಿ, ಕುದುರೆಯ ಹೊಟ್ಟೆಯ ಎತ್ತರಕ್ಕೆ ಕ್ಯಾಮೆರಾ ಇಳಿಸಿ ಎಂದ. ಕಿವಿ ಹಿಂದಕ್ಕಿದ್ದರೆ ಫೋಟೋ ಸತ್ತಂತೆ. ಯಾರಾದರೂ ಎದುರಿಗೆ ನಿಂತು ಡಬ್ಬಿಯಲ್ಲಿ ಕಾಳು ಕುಲುಕಲಿ, ಕಿವಿ ಎದ್ದ ಕ್ಷಣ ಒತ್ತಿ ಎಂದ. ಆಚೆ ಬದಿಯ ಕಾಲುಗಳು ಈಚೆಯವುಗಳ ಹಿಂದೆ ಅಡಗದೆ ನಾಲ್ಕೂ ಬೇರೆಬೇರೆ ಕಾಣಬೇಕು ಎಂದ. ಕೇಕಿನವನು ಡಬ್ಬಿ ಕುಲುಕುವ ಕೆಲಸವನ್ನು ತಾನಾಗಿ ವಹಿಸಿಕೊಂಡ. ಡಾಕ್ಟರಮ್ಮನಿಗೆ ಮಾತ್ರ ಕುದುರೆಯ ಹಲ್ಲಿನ ಮೇಲೇ ಕಣ್ಣು. ತುಟಿ ಎತ್ತಿದಾಗಲೆಲ್ಲ ಕ್ಲಿಕ್ ಎನಿಸುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಲಾಳದಣ್ಣನ ಕೈ ಕುದುರಿತು. ಸುತ್ತಿಗೆ ಹಿಡಿದ ಕೈ; ಒಂದು ಕೂದಲಷ್ಟೂ ಅಲುಗುತ್ತಿರಲಿಲ್ಲ. ಲಾಯದ ಮಂದ ಬೆಳಕಿನಲ್ಲಿ ಉಳಿದವರ ಫೋಟೋ ಕಲಸಿಹೋದರೂ ಅವನದು ಕಲ್ಲಿನಲ್ಲಿ ಕೆತ್ತಿದಂತೆ ಬರುತ್ತಿತ್ತು. ಭಾಮೈದ ಎರಡು ಸಲ ಅವನ ಹಿಂದೆ ಬಂದು ನಿಂತು, ಏನೂ ಹೇಳದೆ ಹೋದ. ಅದು ಶಭಾಷ್‌ಗಿರಿ ಎಂದು ಲಾಳದಣ್ಣನಿಗೆ ಗೊತ್ತಿತ್ತು. ಇಷ್ಟು ದಿನ ಯಾಕಪ್ಪಾ ನಾನು ಇದನ್ನು ಹಿಡಿಯಲಿಲ್ಲ ಎನಿಸಿತು. ಕುದುರೆ ಕತ್ತು ಎತ್ತಿದರೆ ಬೆನ್ನು ಹೇಗೆ ಬಾಗುತ್ತದೆ, ಹಿಂಗಾಲು ಬದಲಿಸುವ ಮೊದಲು ಬಾಲ ಹೇಗೆ ಒಂದು ಸಲ ಅಲ್ಲಾಡುತ್ತದೆ, ಎಲ್ಲ ಕಣ್ಣಿಗೆ ಬೀಳತೊಡಗಿತ್ತು.

ಸಂಜೆಗೆ ಮುಖದ ಫೋಟೋ ತೆಗೆಯುವ ಪಾಠವಿತ್ತು. ಕುಂಟುವ ಕುದುರೆಯಾದರೂ ಮುಖ ಲಕ್ಷಣವಾಗಿದೆ ಎಂದು ಬೂದಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಲಾಳದಣ್ಣ ಅದನ್ನು ನೋಡಿ ಹದಿನೈದು ದಿನವಾಗಿತ್ತು. ಪಾಠ ಗೀಟ ಎಲ್ಲ ಮರೆತು, ಮೊದಲಿನ ಅಭ್ಯಾಸದಂತೆ ಸೀದಾ ಎಡಹೆಗಲಿನ ಪಕ್ಕಕ್ಕೆ ಹೋಗಿ, ಲಾಳ ಕಿತ್ತ ಕಾಲನ್ನು ಹತ್ತಿರದಿಂದ ತೆಗೆಯೋಣ ಎಂದು ಬಗ್ಗಿದ. ಕ್ಲಿಕ್ ಎನಿಸಿದ. ಅಷ್ಟರಲ್ಲಿ ದೂರ ನಿಲ್ಲಿ ಭಾವ ಎಂಬ ಕೂಗು ಕೇಳಿ ಹಿಂದಕ್ಕೆ ಸರಿದ.

ಆ ಒಂದು ಫೋಟೋ ಪರದೆಯ ಮೇಲೆ ಬಂದಾಗ ಭಾಮೈದ ಚಪ್ಪಾಳೆಯನ್ನೇ ತಟ್ಟಿದ. “ನೋಡಿ, ಈಗ ಬಂತು. ಹತ್ತಿರದಿಂದ ತೆಗೆದ್ರೂ ನಾಲ್ಕೂ ಕಾಲು ನೆಲದ ಮೇಲಿವೆ. ನಿಮ್ಮ ಭಾಗ್ಯ ತೆರೀತು ಭಾವ.”

ಎಲ್ಲರೂ ನಕ್ಕರು. ಲಾಳದಣ್ಣ ನಗಲಿಲ್ಲ. ಕುರ್ಚಿಯ ತುದಿಗೆ ಸರಿದು ಪರದೆಯನ್ನೇ ನೋಡಿದ.

ಮೂವತ್ತರಲ್ಲಿ ಎಲ್ಲಕ್ಕಿಂತ ಮೊದಲು ಕಾಲು ಕೊಡುವ ಕುದುರೆ ಬೂದಿ. ಅವನು ಇನ್ನೂ ಬಾಗಿಲು ದಾಟುವ ಮೊದಲೇ ಕಾಲೆತ್ತಿ ಕಾಯುವಂಥದ್ದು. ಅದು ಯಾಕೆ ಎತ್ತಲಿಲ್ಲ? ಎಡಗಾಲು ನೋಯುತ್ತಿದೆ, ಅದಕ್ಕೆ ಎತ್ತಲಿಲ್ಲ ಎಂದು ಯಾರಾದರೂ ಹೇಳಬಹುದು. ಲಾಳ ಹೊಡೆದು ಗೊತ್ತಿಲ್ಲದವರು ಹೇಳುವ ಮಾತು ಅದು. ನೋಯುವ ಕಾಲನ್ನು ಎತ್ತಿ ಹಿಡಿದರೆ ಕುದುರೆಗೆ ಸುಖ, ಬೇಡ ಎನ್ನುವುದಿಲ್ಲ. ಎಡಗಾಲು ಎತ್ತಿದರೆ ಮುಂಭಾಗದ ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ. ಕುದುರೆ ಎಡಗಾಲು ಎತ್ತಲಿಲ್ಲವೆಂದರೆ ನೋವಿರುವುದು ಬಲಗಾಲಿನಲ್ಲಿ.

ಮ್ಯಾನೇಜರು ಕಾಲನ್ನೇ ತಪ್ಪು ಹಿಡಿದಿದ್ದಾರೆ.

ಅವನ ಎದೆ ಹಗುರಾಯಿತು. ಮರುಕ್ಷಣವೇ ಮತ್ತೆ ಭಾರವಾಯಿತು. ಬಲಗಾಲಿಗೆ ಲಾಳ ಹೊಡೆದವನೂ ತಾನೇ ತಾನೆ? ಅಲ್ಲಿ ಮೊಳೆ ವಾಲಿದ್ದರೆ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಂತೆ. ಇದ್ದರೆ ಇರಲಿ, ಮೂರನೆಯ ಸಲವೂ ನಾನೇ ಹೋಗಿ ಹೇಳಿದರಾಯಿತು ಎಂದುಕೊಂಡ. ತಪ್ಪು ಕಾಲನ್ನು ಬಿಸಿನೀರಲ್ಲಿ ನೆನೆಸುತ್ತ ಕೂತರೆ ಕುದುರೆ ಪಾಪ ಏನು ಮಾಡಬೇಕು?

ಕೋಣೆಯಿಂದ ಎಲ್ಲರೂ ಏಳುವ ಮೊದಲೇ ಭಾಮೈದನನ್ನು ಹಿಡಿದು, ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಬಿಡದೆ ಹಿಡಿಯುವುದು ಹೇಗೆ ಎಂದು ಕೇಳಿದ. ಭಾಮೈದ ಕ್ಯಾಮೆರಾದ ಒಂದು ತಿರುಗಣೆ ತಿರುಗಿಸಿಕೊಟ್ಟ. ಗುಂಡಿಯನ್ನು ಒತ್ತಿ ಹಿಡಿದರೆ ಒಂದು ಸೆಕೆಂಡಿಗೆ ಹತ್ತು ಫೋಟೋ ಸಾಲಾಗಿ ಬೀಳುತ್ತವೆ. ಕುದುರೆ ನಿಮ್ಮ ಮುಂದೆ ಅಡ್ಡ ಹಾಯುವಾಗ ಸೊಂಟ ಮಾತ್ರ ತಿರುಗಿಸಿ, ಕಾಲು ಕದಲಿಸಬೇಡಿ ಎಂದ. ಯಾಕೆ ಎಂದು ಕೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಲಾಯದಮ್ಮ ಬೂದಿಯನ್ನು ನೀರಿಗೆ ಕರೆದೊಯ್ಯುವ ಹೊತ್ತಿಗೆ ಲಾಳದಣ್ಣ ಸಿಮೆಂಟು ಅಂಗಳದ ಆಚೆ ಮಂಡಿಯೂರಿ ಕೂತಿದ್ದ. ಕುದುರೆಯನ್ನು ಮುಟ್ಟುವುದಿಲ್ಲ, ನಡಿಗೆಗಿಂತ ಚೂರು ಜೋರಾಗಿ ಎರಡು ಸಲ ಅತ್ತಿಂದಿತ್ತ ನಡೆಸು ಸಾಕು ಎಂದ. ಅವಳು ನಡೆಸಿದಳು. ಅವನು ಒತ್ತಿ ಹಿಡಿದ. ನಲವತ್ತು ಫೋಟೋ ಬಿದ್ದವು. ನೆರಳಿಗೆ ಹೋಗಿ ಒಂದೊಂದನ್ನೇ ನೋಡಿದ. ಬಲಗಾಲು ನೆಲಕ್ಕೆ ಬಿದ್ದ ಪ್ರತಿ ಫೋಟೋದಲ್ಲೂ ತಲೆ ಮೇಲೆ. ಎಡಗಾಲು ಬಿದ್ದಾಗಲೆಲ್ಲ ತಲೆ ಕೆಳಗೆ. ಬಿಸಿ ನೆಲದ ಮೇಲೆ ಕಾಲಿಟ್ಟರೆ ನಾವು ಮೈ ಎತ್ತಿಕೊಳ್ಳುವ ಹಾಗೆ ಕುದುರೆ ನೋವಿನ ಕಾಲು ಊರುವಾಗ ತಲೆ ಎತ್ತಿ ಭಾರ ಕಳೆಯುತ್ತದೆ. ಮ್ಯಾನೇಜರು ಮೊದಲು ಹೋಟೆಲು ನಡೆಸಿದವರು. ತಲೆ ತಗ್ಗಿದ ಕಡೆ ನೋವಿದೆ ಎಂದು ತಿಳಿದಿರಬೇಕು. ಹೊಸಬರೆಲ್ಲ ಹಾಗೇ ತಿಳಿಯುತ್ತಾರೆ.

ಫೋಟೋಗಳನ್ನು ಲಾಯದಮ್ಮನಿಗೂ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ನೋಡುತ್ತ ನೋಡುತ್ತ ಮುಖ ಸಣ್ಣದಾಯಿತು. ಸೆರಗಿನಿಂದ ಕೈ ಒರೆಸಿದಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

“ನಿನ್ನ ಹತ್ರ ಮುಚ್ಚಿಟ್ರೆ ನನಗೆ ಒಳ್ಳೇದಾಗಲ್ಲ ಅಣ್ಣಾ. ನೀನು ಲಾಳ ಹೊಡೆದು ಹೋದ ಮೂರನೇ ದಿನ ಇದನ್ನ ಒಣಗಿದ ಹೊಳೆ ಪಾತ್ರಕ್ಕೆ ಹೊಡ್ಕೊಂಡು ಹೋಗಿದ್ರು. ಕಲ್ಲಿನ ಮೇಲೆ ಒಂದು ಗಂಟೆ ಓಡಿಸಿದ್ರು, ಧೂಳು ಏಳೋ ಫೋಟೋ ಬೇಕು ಅಂತ. ಬರೋವಾಗ ಕಾಲು ಎಳೀತಾ ಇತ್ತು.”

“ಯಾರು?”

ಅವಳು ಜೀನಿನ ಕೋಣೆಯ ಕಡೆ ಕಣ್ಣು ಹಾಯಿಸಿದಳು. ಬಾಯಿ ಬಿಟ್ಟರೆ ಮ್ಯಾನೇಜರು ಶಿಬಿರವನ್ನೇ ರದ್ದು ಮಾಡುತ್ತಾರೆ, ಎರಡು ದಿನದಲ್ಲಿ ಸರಿಹೋಗುತ್ತದೆ, ಸುಮ್ಮನಿರಿ ಎಂದು ಭಾಮೈದ ಅವಳ ಕೈ ಹಿಡಿದು ಬೇಡಿಕೊಂಡಿದ್ದನಂತೆ.

ಲಾಳದಣ್ಣ ಎಂಥ ಸಿಟ್ಟಿನವನೆಂದರೆ, ಸರಿಯಾಗಿ ಕುದಿಯದ ಟೀಗೂ ಅಂಗಡಿಯವನೊಡನೆ ಕಾಲುಕೆರೆದು ಜಗಳಕ್ಕೆ ನಿಲ್ಲುವವನು. ಆದರೆ ಈ ಮಾತು ಕೇಳಿ ಅವನಿಗೆ ಸಿಟ್ಟೇ ಬರಲಿಲ್ಲ. ಎಂಟು ವರ್ಷದವನಿದ್ದಾಗ ಅಕ್ಕನ ಹಿಂದೆ ಬಟ್ಟೆಯ ಗಂಟು ಹಿಡಿದು ಬಂದವನು ಭಾಮೈದ. ಸೈಕಲ್ಲು ಕಲಿಸುವಾಗ ಹಿಂದಿನ ಸೀಟು ಹಿಡಿದು ಓಡಿ ಓಡಿ ಲಾಳದಣ್ಣನ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ತನ್ನ ಮಕ್ಕಳಿಗೂ ಮೊದಲು ತಾನು ಸಾಕಿದ ಮಗು ಅದು. ಸೀದಾ ಹೋಗಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವನ ಪಕ್ಕದಲ್ಲಿ ನಿಂತ.

“ಹೊಳೆ ಪಾತ್ರದಲ್ಲಿ ಬೂದಿನ ಓಡಿಸಿದ್ಯಾ?”

ಭಾಮೈದ ಮುಖದ ನೀರು ಒರೆಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. “ಓಡಿಸಿದೆ. ಕುಂಟಿದ್ದು ನಿಜ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ವೋ ಯಾರಿಗೆ ಗೊತ್ತು?”

“ಮ್ಯಾನೇಜರು ನನ್ನ ತಲೆ ಮೇಲೆ ಹಾಕಿದಾಗ ನೀನು ಇಲ್ಲೇ ಇದ್ದೆ.”

“ಇದ್ದೆ. ಭಾವ, ನೀವೇ ಯೋಚನೆ ಮಾಡಿ. ನಿಮಗೆ ಈ ಲಾಯ ಹೋದ್ರೆ ಇನ್ನೂ ನಾಲ್ಕಿವೆ. ನನಗೆ ಶಿಬಿರ ಮಾಡೋಕೆ ಬೇರೆ ಯಾವನು ಮೂವತ್ತು ಕುದುರೆ ಕೊಡ್ತಾನೆ?”

ಲಾಳದಣ್ಣ ಸುರಿಯುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿ ತಾನೊಬ್ಬ ಮನುಷ್ಯ ಎನ್ನುವುದು ಮಾತ್ರ ಬಿಟ್ಟುಹೋಗಿತ್ತು.

“ಮಧ್ಯಾಹ್ನ ಎಲ್ಲರೂ ಫೋಟೋ ತೋರಿಸ್ತಾರಲ್ಲ, ಮ್ಯಾನೇಜರೂ ಬರ್ತಾರೆ. ನಾನು ಕಾಲು ತೋರಿಸ್ತೀನಿ. ಯಾರು ಓಡಿಸಿದ್ದು ಅಂತ ನನ್ನ ಬಾಯಲ್ಲಿ ಬರಲ್ಲ. ಅದು ನಿನ್ನ ಬಾಯಲ್ಲೇ ಬರಬೇಕು,” ಎಂದು ಹೇಳಿ ಹೊರಟುಹೋದ.

ಮಧ್ಯಾಹ್ನ ಜೀನಿನ ಕೋಣೆ ತುಂಬಿತ್ತು. ಪ್ರತಿಯೊಬ್ಬರೂ ತಮ್ಮ ಐದು ಒಳ್ಳೆಯ ಫೋಟೋ ತೋರಿಸಬೇಕು. ಕೇಕಿನವನದರಲ್ಲಿ ಕುದುರೆಗಳೆಲ್ಲ ಡಬ್ಬಿಯನ್ನೇ ನೋಡುತ್ತಿದ್ದವು. ಡಾಕ್ಟರಮ್ಮ ಐದು ಬಾಯಿ ತೋರಿಸಿದಳು. ಅದರಲ್ಲಿ ಒಂದಕ್ಕೆ ಚಿಕಿತ್ಸೆ ಬೇಕು ಎಂದೂ ಹೇಳಿದಳು. ಮ್ಯಾನೇಜರು ಬಾಗಿಲ ಬಳಿ ಕೈಕಟ್ಟಿ ನಿಂತು ನಗುತ್ತಿದ್ದರು.

ಲಾಳದಣ್ಣನ ಸರದಿ ಬಂತು. ಅವನು ಎದ್ದು ಪರದೆಯ ಪಕ್ಕ ನಿಂತ. ಭಾಷಣ ಮಾಡಿ ಅಭ್ಯಾಸವಿಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸಲು ಎದ್ದಾಗ ನಿಂತಂತೆ ಕೈ ಎರಡೂ ಪಕ್ಕಕ್ಕೆ ಇಟ್ಟು ಶುರುಮಾಡಿದ. ದನಿ ಮಾತ್ರ ನಡುಗಲಿಲ್ಲ. ಇದು ಬೂದಿ, ಇದು ಬಲಗಾಲು ನೆಲಕ್ಕೆ ಬಿದ್ದ ಕ್ಷಣ, ತಲೆ ಎಲ್ಲಿದೆ ನೋಡಿ. ಇದು ಎಡಗಾಲು, ಈಗ ತಲೆ ಎಲ್ಲಿದೆ ನೋಡಿ. ಇದು ಮತ್ತೆ ಬಲ, ಇದು ಮತ್ತೆ ಎಡ. ನಾಲ್ಕು ಫೋಟೋ ತೋರಿಸಿದ. ಐದನೆಯದಾಗಿ ಭಾಮೈದ ಚಪ್ಪಾಳೆ ತಟ್ಟಿದ ಫೋಟೋ ಬಂತು. ಈ ಕುದುರೆ ನನಗೆ ಎಡಗಾಲು ಯಾಕೆ ಕೊಡಲಿಲ್ಲ ಎಂದು ಬಿಡಿಸಿ ಹೇಳಿದ. ಮಾತು ಮುಗಿದಾಗ ಕೇಕಿನವನೂ ನಗುತ್ತಿರಲಿಲ್ಲ.

ಮ್ಯಾನೇಜರ ಮುಖ ಬಿಗಿಯಿತು. “ಎಡಗಾಲೋ ಬಲಗಾಲೋ, ಎರಡಕ್ಕೂ ಮೊಳೆ ಹೊಡೆದಿದ್ದು ನೀವೇ ಅಲ್ವಾ?”

“ನಾನೇ. ಆರು ದಿನ ಎಡಗಾಲು ನೆನೆಸಿದ್ರಿ. ಕೀವು ಬಂತಾ?”

“ಇಲ್ಲ.”

“ಹಾಗಾದ್ರೆ ಬಲಗಾಲಿನ ಲಾಳ ತೆಗೀತೀನಿ, ಎಲ್ಲರ ಎದುರಿಗೆ. ನನ್ನ ಮೊಳೆ ಆಗಿದ್ರೆ ಸಾಮಾನು ಎತ್ಕೊಂಡು ಹೋಗ್ತೀನಿ. ಇನ್ನುಳಿದ ಲಾಯಗಳಿಗೂ ನಾನೇ ಹೋಗಿ ಹೇಳ್ತೀನಿ. ಅಪ್ಪಣೆ ಕೊಡಿ, ಕುದುರೆ ಮುಟ್ಟಬೇಕು.”

ಮ್ಯಾನೇಜರು ಸುತ್ತಲೂ ನೋಡಿದರು. ಅಷ್ಟು ಜನರೆದುರು ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಬೂದಿಯನ್ನು ಕೋಣೆಯ ಬಾಗಿಲಿಗೇ ತಂದರು. ಲಾಳದಣ್ಣ ಚರ್ಮದ ಮುಂಬಟ್ಟೆ ಕಟ್ಟಿಕೊಂಡು ಬಲಹೆಗಲಿನ ಕಡೆಗೆ ಹೋದ. ಅವನಿನ್ನೂ ಬಗ್ಗಿಯೇ ಇರಲಿಲ್ಲ, ಕುದುರೆ ಕಾಲನ್ನು ಎತ್ತಿ ಅವನ ಕೈಗೆ ಕೊಟ್ಟಿತು. ಲಾಯದಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಕಾಲನ್ನು ತೊಡೆಗಳ ನಡುವೆ ಇಟ್ಟುಕೊಂಡು, ಉದ್ದ ಹಿಡಿಯ ಇಕ್ಕಳದಿಂದ ಒಂದೊಂದು ಮೊಳೆಯ ಜಾಗವನ್ನೂ ಒಳಗೆ ಹೊರಗೆ ಸೇರಿಸಿ ಒತ್ತುತ್ತ ಬಂದ. ಮೊಳೆ ಜೀವಕ್ಕೆ ತಾಗಿದ್ದರೆ ಒತ್ತಿದ ಕೂಡಲೇ ಕಾಲು ಕಿತ್ತುಕೊಳ್ಳುತ್ತದೆ. ಒಂದು. ಎರಡು. ಮೂರು. ಕುದುರೆ ಕಿವಿ ಅಲುಗಿಸಲಿಲ್ಲ. ನಾಲ್ಕನೆಯದಕ್ಕೆ ಬಂದಾಗ ಅವನ ಅಂಗೈ ಬೆವರಿತ್ತು. ಮುಂಬಟ್ಟೆಗೆ ಒರೆಸಿಕೊಂಡು ಒತ್ತಿದ. ಸುಮ್ಮನಿತ್ತು. ಐದು. ಆರು. ಆರೂ ಮೊಳೆ ಮುಗಿದವು. ಆಮೇಲೆ ಇಕ್ಕಳವನ್ನು ಮೊಳೆಗಳಿಂದ ಎರಡು ಬೆರಳು ಒಳಕ್ಕೆ, ಅಂಗಾಲಿನ ನಡುವಿಗೆ ಸರಿಸಿ ಒತ್ತಿದ. ಬೂದಿ ಕಾಲನ್ನು ಕಿತ್ತುಕೊಂಡು ಹಿಂದಕ್ಕೆ ಹಾರಿತು.

ಲಾಳ ಬಿಚ್ಚಿದ. ಕೊಕ್ಕೆಯ ಚಾಕುವಿನಿಂದ ಆ ಜಾಗವನ್ನು ಹಾಳೆ ಹಾಳೆಯಾಗಿ ಕೆರೆದ. ಬಿಳಿಯ ಅಂಗಾಲಿನ ಒಳಗೆ ಕಾಸಿನಗಲದ ಕಪ್ಪು ಮಚ್ಚೆ ಕಂಡಿತು. ಇನ್ನೊಂದು ಹಾಳೆ ತೆಗೆದದ್ದೇ ಬೂದು ಬಣ್ಣದ ನೀರಿನಂಥ ಕೀವು ಚಿಮ್ಮಿತು. ಡಾಕ್ಟರಮ್ಮ ಮುಂದೆ ಬಂದು ಬಗ್ಗಿ ನೋಡಿ, ಹಲ್ಲಿನ ಬುಡದಲ್ಲೂ ಹೀಗೇ ಆಗುತ್ತದೆ ಎಂದಳು. ಕುದುರೆ ಉದ್ದನೆಯ ಉಸಿರು ಬಿಟ್ಟು, ಕೇಕಿನವನ ಭುಜದ ಮೇಲೆ ಗಲ್ಲ ಊರಿತು.

“ಇದು ಮೊಳೆ ಅಲ್ಲ. ಕಲ್ಲು ಒತ್ತಿ ಒಳಗೆ ರಕ್ತ ಕಟ್ಟಿ ಕೀವಾಗಿದೆ,” ಎಂದ ಲಾಳದಣ್ಣ. “ಫೋಟೋ ತೆಗೀರಿ. ಎಲ್ಲರೂ ತೆಗೀರಿ. ಹತ್ತಿರದಿಂದ.”

ಐದು ಕ್ಯಾಮೆರಾಗಳು ಒಟ್ಟಿಗೆ ಕ್ಲಿಕ್ ಎಂದವು. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ತಪ್ಪಾಗಿ ತಿಳಿದೆ ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಆ ಮಟ್ಟಿಗೆ ಮನುಷ್ಯ ದೊಡ್ಡವರೇ. ಆಮೇಲೆ ಹುಬ್ಬು ಗಂಟಿಕ್ಕಿ ಅಂಗಳದ ಕಡೆ ನೋಡಿದರು. ಲಾಯದಲ್ಲಿ ಹೊಟ್ಟು ಹಾಸಿದೆ, ಸವಾರಿಯ ಬಯಲಲ್ಲಿ ಮರಳು ಹಾಕಿದೆ. ಇಷ್ಟು ಜೋರಾಗಿ ಒತ್ತುವ ಕಲ್ಲು ಇದಕ್ಕೆ ಎಲ್ಲಿ ಸಿಕ್ಕಿತು ಎಂದು ಕೇಳಿದರು.

ಲಾಯದಮ್ಮ ನೆಲ ನೋಡಿದಳು. ಲಾಳದಣ್ಣ ಕುದುರೆಯ ಕಾಲು ಬಿಡದೆ, ತಲೆ ಎತ್ತಿ ಭಾಮೈದನನ್ನು ನೋಡಿದ. ಗದರಿಸುವ ನೋಟ ಅಲ್ಲ. ಸೈಕಲ್ಲಿನ ಸೀಟು ಹಿಡಿದವನು, ಬಿಡಲೋ ಬೇಡವೋ ಎಂದು ಕೇಳುವಂಥ ನೋಟ. ಒಂದೇ ಒಂದು ಮಾತು ಸಾಕಿತ್ತು. ನಾನೇ ಎಂದಿದ್ದರೆ ಉಳಿದದ್ದನ್ನು ಲಾಳದಣ್ಣನೇ ಹೊತ್ತುಕೊಳ್ಳುತ್ತಿದ್ದ, ಮ್ಯಾನೇಜರ ಕೈಕಾಲು ಹಿಡಿದಾದರೂ ಶಿಬಿರ ಉಳಿಸುತ್ತಿದ್ದ. ಅದು ಭಾಮೈದನಿಗೂ ಗೊತ್ತಿತ್ತು. ಅವನ ತುಟಿ ಒಂದು ಸಲ ಅಲುಗಿತು.

“ಬ್ಯಾಟರಿ ಮುಗೀತು,” ಎಂದ ಭಾಮೈದ. “ಕಾರಿಂದ ತರ್ತೀನಿ.”

ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಕುದುರೆಯ ಹಿಂದಿನಿಂದ ಸುತ್ತಿಕೊಂಡು ಅಂಗಳಕ್ಕೆ ಇಳಿದ. ಹಿಂದೆ ತಿರುಗಿ ನೋಡಲಿಲ್ಲ.

ಲಾಳದಣ್ಣ ಬಿಸಿ ಉಪ್ಪುನೀರು ತರಿಸಿ ಗಾಯ ತೊಳೆದ. ಹತ್ತಿ ತುಂಬಿ, ಬಟ್ಟೆ ಸುತ್ತಿ, ಎರಡು ದಿನ ಹೀಗೇ ಇರಲಿ ಎಂದು ಲಾಯದಮ್ಮನಿಗೆ ತೋರಿಸಿಕೊಟ್ಟ. ಬೂದಿ ಕಾಲನ್ನು ನೆಲಕ್ಕೆ ತಾಗಿಸಿ ನೋಡಿತು. ಇನ್ನೊಂದು ಸಲ ತಾಗಿಸಿತು. ಆಮೇಲೆ ಪೂರ್ತಿ ಊರಿತು. ಅಷ್ಟರಲ್ಲಿ ಎಲ್ಲರಿಗೂ ಟೀ ಬಂತು. ಮೇಷ್ಟ್ರ ಲೋಟಕ್ಕೆ ಒಂದು ತಟ್ಟೆ ಮುಚ್ಚಿಟ್ಟರು. ಕೇಕಿನವನು ಸುಮ್ಮನೆ ಕೈಗೆ ಸಿಕ್ಕಿತೆಂದು ಮೇಜಿನ ಮೇಲಿದ್ದ ಕ್ಯಾಮೆರಾ ಎತ್ತಿ ಗುಂಡಿ ಒತ್ತಿದ. ಬ್ಯಾಟರಿ ಮುಕ್ಕಾಲು ಪಾಲು ತುಂಬಿತ್ತು. ಅವನು ಅದನ್ನು ಮ್ಯಾನೇಜರಿಗೆ ತೋರಿಸಿದ. ಮ್ಯಾನೇಜರು ಬಾಗಿಲಿಗೆ ಹೋಗಿ ಕಾರು ನಿಲ್ಲಿಸುವ ಜಾಗದ ಕಡೆ ನೋಡಿದರು. ಮೇಷ್ಟ್ರ ಕಾರು ಅಲ್ಲಿರಲಿಲ್ಲ. ತಿರುಗಿ ಬಂದು ಲಾಳದಣ್ಣನ ಮುಖ ನೋಡಿದರು. ಕಲ್ಲು ಎಲ್ಲಿ ಸಿಕ್ಕಿತೆಂದು ಮತ್ತೆ ಕೇಳಲಿಲ್ಲ, ಕೇಳುವ ಅಗತ್ಯ ಅವರಿಗೆ ಉಳಿದಿರಲಿಲ್ಲ.

“ಸೋಮವಾರ ಲಾಳಕ್ಕೆ ಯಾವ ಕುದುರೆ?” ಎಂದು ಮಾತ್ರ ಕೇಳಿದರು.

“ಆ ಕಂದು ಕುದುರೆ. ಬೆಳಕು ಚೆನ್ನಾಗಿರೋ ಹೊತ್ತಿಗೆ ಬರ್ತೀನಿ,” ಎಂದ ಲಾಳದಣ್ಣ ಇಕ್ಕಳ ಒರೆಸುತ್ತ.

ಅರ್ಧ ಗಂಟೆ ಕಾದರು. ಡಾಕ್ಟರಮ್ಮನಿಗೆ ಊರಿನ ಬಸ್ಸು ಹಿಡಿಯಬೇಕಿತ್ತು. ಸರ್ ಬರುತ್ತಾರಾ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳದೆ ಚೀಲ ಹೆಗಲಿಗೇರಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಭಾಮೈದ ಬರಲಿಲ್ಲ. ಅಂದು ಶಿಬಿರಕ್ಕೂ ಬರಲಿಲ್ಲ, ಆಮೇಲೆ ಅಕ್ಕನ ಮನೆಗೂ ಬರಲಿಲ್ಲ.